ದುಬಾರಿ ಗಾಳದ ಕೋಲು: ಹೆಚ್ಚಿನ ಬೆಲೆಗೆ ತಕ್ಕ ಪ್ರಯೋಜನವಿದೆಯೇ?
(ಕೃಷಿ ಹೊಂಡ, ಕೆರೆ ಮತ್ತು ಜಲಾಶಯದ ಮೀನು ಹಿಡಿಯುವವರಿಗೆ ಖರೀದಿ ಹಾಗೂ ಬಳಕೆಯ ಮಾರ್ಗದರ್ಶಿ)

ಪೀಠಿಕೆ

ಬೀದರ ಜಿಲ್ಲೆಯ ಹುಮನಾಬಾದ್, ಚಿಟಗುಪ್ಪ ಮತ್ತು ಬಸವಕಲ್ಯಾಣ ಭಾಗದ ರೈತರಿಗೆ ಮೀನು ಎರಡು ಬಗೆಯಲ್ಲಿ ದೊರೆಯುತ್ತದೆ. ಮೊದಲನೆಯದು ಸ್ವಂತ ಕೃಷಿ ಹೊಂಡದಲ್ಲಿ ಸಾಕಿದ ಮೀನು. ಎರಡನೆಯದು ಊರ ಕೆರೆ, ಕಾರಂಜಾ, ಚುಳಕಿನಾಲಾ, ಮುಲ್ಲಾಮಾರಿಯಂತಹ ಜಲಾಶಯಗಳ ಮೀನು. ಇವೆರಡಕ್ಕೂ ಬಲೆಯ ಜೊತೆಗೆ ಗಾಳವೂ ಬಳಕೆಯಲ್ಲಿದೆ. ಮನ್ನಾಏಖೇಳ್ಳಿಯಂತಹ ಹೆದ್ದಾರಿ ಬದಿಯ ಊರುಗಳಿಗೆ ಇಂದು ಮೊಬೈಲ್ ಮೂಲಕವೇ ಬಗೆಬಗೆಯ ರಾಡ್ ಮತ್ತು ರೀಲುಗಳು ಬಂದು ತಲುಪುತ್ತವೆ. ಕೆಲವು ನೂರು ರೂಪಾಯಿಯ ಕೋಲಿನ ಪಕ್ಕದಲ್ಲೇ ಹಲವು ಸಾವಿರ ರೂಪಾಯಿಯ ಕೋಲೂ ಕಾಣುತ್ತದೆ. ನೋಡಲು ಎರಡೂ ಒಂದೇ ಬಗೆ. ಹೀಗಿರುವಾಗ ಹೆಚ್ಚಿನ ಹಣ ಕೊಡುವುದು ಲಾಭವೇ, ನಷ್ಟವೇ ಎಂಬುದನ್ನು ರೈತರು ಕೊಳ್ಳುವ ಮೊದಲೇ ತಿಳಿದಿರಬೇಕು. ಒಂದು ಹಂಗಾಮಿನ ಮೀನಿನ ಆದಾಯವೆಲ್ಲ ಒಂದು ಕೋಲಿಗೆ ಖರ್ಚಾಗಬಾರದು.

ಸಂಕ್ಷಿಪ್ತ ಶಿಫಾರಸು

• ಕೃಷಿ ಹೊಂಡದಿಂದ ಮನೆಬಳಕೆಗೆ ಆಗಾಗ ಒಂದೆರಡು ಮೀನು ಹಿಡಿಯಲು ಬಿದಿರಿನ ಕೋಲು ಸಾಕು.
• ಕೆರೆ ಮತ್ತು ಜಲಾಶಯದ ದಡದಿಂದ ವಾರಕ್ಕೊಮ್ಮೆ ಹಿಡಿಯುವವರಿಗೆ ಮಧ್ಯಮ ಬೆಲೆಯ ಗಾಜಿನ ನಾರಿನ, ಅಂದರೆ ಫೈಬರ್ ಗ್ಲಾಸ್ ಕೋಲು ಸೂಕ್ತ.
• ವರ್ಷದಲ್ಲಿ ನೂರಾರು ದಿನ, ದಿನಕ್ಕೆ ಹಲವು ಗಂಟೆ ಗಾಳ ಬೀಸುವವರಿಗೆ ಮಾತ್ರ ದುಬಾರಿ ಕಾರ್ಬನ್ ಕೋಲು ಬೆಲೆಗೆ ತಕ್ಕದ್ದಾಗಬಹುದು.
• ಕೈಯಲ್ಲಿ ಹೆಚ್ಚಿಗೆ ಹಣವಿದ್ದರೆ ಅದನ್ನು ಮೊದಲು ಗಾಳದ ಕೊಕ್ಕೆ, ದಾರ ಮತ್ತು ರೀಲಿಗೆ, ಆನಂತರ ಮಂಜುಗಡ್ಡೆ ಪೆಟ್ಟಿಗೆಗೆ, ಕೊನೆಯಲ್ಲಿ ಕೋಲಿಗೆ ಹಾಕಿರಿ.

ಗಾಳದ ಕೋಲು ಮಾಡುವ ಕೆಲಸವೇನು?

ಕೋಲಿನ ಕೆಲಸ ಮೂರು. ಎರೆಯನ್ನು ಬೇಕಾದ ದೂರಕ್ಕೆ ಬೀಸುವುದು ಒಂದು. ಮೀನು ಎರೆಯನ್ನು ಮುಟ್ಟಿದ್ದನ್ನು ಕೈಗೆ ತಿಳಿಸುವುದು ಎರಡು. ಮೀನು ಎಳೆದಾಗ ಬಾಗಿ, ದಾರದ ಮೇಲಿನ ಜಗ್ಗಾಟವನ್ನು ತಾನು ಹೀರಿಕೊಳ್ಳುವುದು ಮೂರು. ಮೀನನ್ನು ಕೋಲಿಗೆ ಕರೆತರುವುದು ಎರೆ, ಸ್ಥಳ ಮತ್ತು ಹೊತ್ತು. ಕೋಲಿನ ಬೆಲೆ ನೀರಿನೊಳಗಿನ ಮೀನಿಗೆ ಕಾಣುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ನಿದರ್ಶನವಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಕಾರ್ಬನ್ ನಾರನ್ನು ಗಟ್ಟಿಯಾಗಿ ತಯಾರಿಸುವ ವಿಧಾನ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ರೂಪುಗೊಂಡದ್ದು 1960ರ ದಶಕದಲ್ಲಿ. ಆ ನಾರಿನ ಕೋಲುಗಳು ಮಾರುಕಟ್ಟೆಗೆ ಬಂದದ್ದು 1970ರ ದಶಕದಲ್ಲಿ. ಹೀಗಾಗಿ ದೊಡ್ಡ ಮೀನಿಗೆ ದುಬಾರಿ ಕೋಲೇ ಬೇಕು ಎಂಬ ಮಾತಿಗೆ ಆಧಾರವಿಲ್ಲ. ನಮ್ಮ ಹೊಂಡ ಮತ್ತು ಕೆರೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಕಾಟ್ಲಾ, ರೋಹು, ಮೃಗಾಲ್ ಹಾಗೂ ಸಾಮಾನ್ಯ ಗೆಂಡೆ ಮೀನುಗಳು ಅಂತಹ ಗಾತ್ರದವೂ ಅಲ್ಲ.

ಕೋಲುಗಳ ವಿಧಗಳು ಮತ್ತು ಗುಣಾವಗುಣಗಳು

*1. ಬಿದಿರಿನ ಕೋಲು*

ಅತಿ ಕಡಿಮೆ ಖರ್ಚಿನದು. ಗಟ್ಟಿ ತಿರುಳಿನ ಕಿರುಬಿದಿರು ಉತ್ತಮ. ಮೂರು ವರ್ಷ ಬಲಿತ, ಹುಳು ತಾಗದ, 2.5ರಿಂದ 3.5 ಮೀ. ಉದ್ದದ ಗಳವನ್ನು ಮಳೆಗಾಲ ಮುಗಿದ ಮೇಲೆ ಆರಿಸಬೇಕು. ನೆರಳಿನಲ್ಲಿ ತುದಿ ಕೆಳಗಾಗಿ ತೂಗುಹಾಕಿ, ತುದಿಗೆ ಸಣ್ಣ ಭಾರ ಕಟ್ಟಿ ಒಣಗಿಸಿದರೆ ನೆಟ್ಟಗಾಗುತ್ತದೆ. ಬಳಿಕ ಅಗಸೆ ಎಣ್ಣೆ ಸವರಿ, ಗಿಣ್ಣುಗಳಿಗೆ ದಾರ ಸುತ್ತಿ ವಾರ್ನಿಷ್ ಬಳಿಯಬೇಕು. ದಾರವನ್ನು ಬರಿಯ ತುದಿಗೆ ಕಟ್ಟದೆ, ಹಿಡಿಕೆಯ ಬಳಿ ಕಟ್ಟಿ ಕೋಲಿನುದ್ದಕ್ಕೂ ತಂದು ತುದಿಯಲ್ಲಿ ಮತ್ತೊಮ್ಮೆ ಬಿಗಿಯಿರಿ. ತುದಿ ಮುರಿದರೂ ಮೀನು ಕೈತಪ್ಪುವುದಿಲ್ಲ.

ಮಿತಿ: ರೀಲ್ ಇಲ್ಲದ ಬಿದಿರಿನ ಕೋಲಿನಿಂದ, ಕೋಲು ಮತ್ತು ದಾರದ ಉದ್ದಕ್ಕಿಂತ ದೂರ ಎರೆ ತಲುಪಿಸಲಾಗದು. ದೊಡ್ಡ ಮೀನು ಓಡಿದಾಗ ದಾರ ಬಿಟ್ಟುಕೊಡಲೂ ಆಗದು.

*2. ಗಾಜಿನ ನಾರಿನ ಕೋಲು*

ತೂಕ ಸ್ವಲ್ಪ ಹೆಚ್ಚು, ಆದರೆ ಚೆನ್ನಾಗಿ ಬಾಗುತ್ತದೆ. ಕಲ್ಲಿಗೆ ತಾಗಿದರೂ, ಬೈಕಿಗೆ ಕಟ್ಟಿ ಒಯ್ದರೂ ಬೇಗ ಹಾಳಾಗದು. ಜಂಬಿಟ್ಟಿಗೆ ಕಲ್ಲಿನ ದಡ, ನೀರಿನಲ್ಲಿ ಮುಳುಗಿದ ಬಳ್ಳಾರಿ ಜಾಲಿಯ ಕೊಂಬೆಗಳಿರುವ ನಮ್ಮ ಕೆರೆಗಳಿಗೆ ಈ ಗುಣವೇ ಮುಖ್ಯ. ಮಕ್ಕಳು ಮತ್ತು ಹೊಸದಾಗಿ ಕಲಿಯುವವರಿಗೂ ಇದೇ ಸೂಕ್ತ.

*3. ಕಾರ್ಬನ್ ನಾರಿನ ಕೋಲು*

ಅಷ್ಟೇ ಉದ್ದದ ಗಾಜಿನ ನಾರಿನ ಕೋಲಿಗಿಂತ ಹಗುರ ಮತ್ತು ಬಿರುಸು. ಮೀನಿನ ಸಣ್ಣ ಸ್ಪರ್ಶವೂ ಕೈಗೆ ತಿಳಿಯುತ್ತದೆ. ದಿನವಿಡೀ ಬೀಸಿದರೂ ತೋಳು ಬೇಗ ಸೋಲದು. ಆದರೆ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಕಲ್ಲಿಗೆ ಬಡಿದಾಗ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮುಂದೊಂದು ದಿನ ಮೀನು ಎಳೆದಾಗ ಅಲ್ಲಿಯೇ ಮುರಿಯುತ್ತದೆ. ಕೋಲಿನ ಮೇಲೆ ನಮೂದಿಸಿದ 24, 30, 40 ಟನ್ ಎಂಬ ಅಂಕಿಗಳು ನಾರಿನ ಬಿರುಸನ್ನು ಸೂಚಿಸುತ್ತವೆ. ಅಂಕಿ ಹೆಚ್ಚಾದರೆ ಕೋಲು ಹೆಚ್ಚು ಬಾಳಿಕೆ ಬರುತ್ತದೆಂದು ಭಾವಿಸಬಾರದು. ಅತಿ ಬಿರುಸಿನ ಕೋಲಿಗೆ ಹೆಚ್ಚು ಜೋಪಾನ ಬೇಕು.

*4. ಮಿಶ್ರ ನಾರಿನ ಕೋಲು*

ಗಾಜು ಮತ್ತು ಕಾರ್ಬನ್ ನಾರುಗಳೆರಡನ್ನೂ ಸೇರಿಸಿ ಮಾಡಿದ್ದು. ಬೆಲೆ ಮತ್ತು ಗುಣ ಎರಡರಲ್ಲೂ ನಡುವಿನದು. 'ಕಾರ್ಬನ್' ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುವ ಅನೇಕ ಕೋಲುಗಳು ಈ ವರ್ಗಕ್ಕೆ ಸೇರುತ್ತವೆ. ಅದು ದೋಷವಲ್ಲ. ಆದರೆ ಪೂರ್ಣ ಕಾರ್ಬನ್ನಿನ ಬೆಲೆ ಕೊಟ್ಟು ಮಿಶ್ರ ಕೋಲನ್ನು ಕೊಳ್ಳಬಾರದು.

ಹೆಚ್ಚಿನ ಬೆಲೆಯ ಲೆಕ್ಕಾಚಾರ

ಕೆಳಗಿನ ಬೆಲೆ ಮತ್ತು ಬಾಳಿಕೆಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಇಟ್ಟುಕೊಂಡವು. ನಿಮ್ಮ ಊರಿನ ದರವನ್ನು ಅವುಗಳ ಸ್ಥಾನದಲ್ಲಿ ಹಾಕಿ ಲೆಕ್ಕ ಮಾಡಿಕೊಳ್ಳಿರಿ. ಕೊಕ್ಕೆ, ದಾರ, ಎರೆಗಳ ಖರ್ಚು ಎಲ್ಲಕ್ಕೂ ಸಮವಾದ್ದರಿಂದ ಅದನ್ನು ಬಿಡಲಾಗಿದೆ.

• ಬಿದಿರಿನ ಕೋಲು: ಬೆಲೆ 300 ರೂ., ಬಾಳಿಕೆ 2 ವರ್ಷ. ವಾರ್ಷಿಕ ವೆಚ್ಚ 150 ರೂ.
• ಗಾಜಿನ ನಾರಿನ ಕೋಲು, ರೀಲ್ ಸಹಿತ: ಬೆಲೆ 1,500 ರೂ., ಬಾಳಿಕೆ 4 ವರ್ಷ. ವಾರ್ಷಿಕ ವೆಚ್ಚ 375 ರೂ.
• ಕಾರ್ಬನ್ ಕೋಲು, ರೀಲ್ ಸಹಿತ: ಬೆಲೆ 8,000 ರೂ., ಬಾಳಿಕೆ 6 ವರ್ಷ. ವಾರ್ಷಿಕ ವೆಚ್ಚ ಸುಮಾರು 1,333 ರೂ.

ಮೀನಿನ ದರ ಕೆ.ಜಿ.ಗೆ 150 ರೂ. ಎಂದಿಟ್ಟುಕೊಳ್ಳೋಣ. ಬಿದಿರಿನಿಂದ ಗಾಜಿನ ನಾರಿಗೆ ಬದಲಾದರೆ ವರ್ಷಕ್ಕೆ 225 ರೂ. ಹೆಚ್ಚು ಖರ್ಚು. ವರ್ಷದಲ್ಲಿ ಒಂದೂವರೆ ಕೆ.ಜಿ. ಮೀನು ಹೆಚ್ಚು ಸಿಕ್ಕರೆ ಅದು ತೀರುತ್ತದೆ. ದೂರಕ್ಕೆ ಬೀಸಬೇಕಾದ ಜಲಾಶಯದ ದಡದಲ್ಲಿ ಇದು ಕಷ್ಟವಲ್ಲ.

ಗಾಜಿನ ನಾರಿನಿಂದ ಕಾರ್ಬನ್ನಿಗೆ ಬದಲಾದರೆ ವರ್ಷಕ್ಕೆ 958 ರೂ. ಹೆಚ್ಚು ಖರ್ಚು. ಅದನ್ನು ತೀರಿಸಲು ಸುಮಾರು 6.4 ಕೆ.ಜಿ. ಮೀನು ಹೆಚ್ಚಿಗೆ ಸಿಗಬೇಕು, ಅದೂ ಕೋಲಿನ ಕಾರಣದಿಂದಲೇ ಸಿಗಬೇಕು. ವರ್ಷಕ್ಕೆ 20 ದಿನ ಮಾತ್ರ ಹಿಡಿಯುವವರು ಪ್ರತಿದಿನ 320 ಗ್ರಾಂ ಹೆಚ್ಚು ಹಿಡಿಯಬೇಕಾಗುತ್ತದೆ. 100 ದಿನ ಹಿಡಿಯುವವರಿಗೆ ದಿನಕ್ಕೆ 64 ಗ್ರಾಂ ಸಾಕು. ಅಂದರೆ ದುಬಾರಿ ಕೋಲಿನ ಲಾಭವನ್ನು ಅದರ ಬೆಲೆಗಿಂತ ನೀವು ಬಳಸುವ ದಿನಗಳೇ ನಿರ್ಧರಿಸುತ್ತವೆ.

ಇದೇ ಕಾರ್ಬನ್ ಕೋಲು ಎರಡನೆಯ ವರ್ಷದ ಕೊನೆಗೆ ಮುರಿದು, ಬದಲಿ ತುದಿ ದೊರೆಯದೆ ಹೋದರೆ ವಾರ್ಷಿಕ ವೆಚ್ಚ 4,000 ರೂ. ಆಗುತ್ತದೆ. ಆಗ ಹೆಚ್ಚಿನ ಖರ್ಚನ್ನು ತುಂಬಲು ವರ್ಷಕ್ಕೆ 24 ಕೆ.ಜಿ.ಗೂ ಮಿಕ್ಕಿ ಹೆಚ್ಚುವರಿ ಮೀನು ಬೇಕು. ಆದ್ದರಿಂದ ಸಾಲ ಮಾಡಿ ಅಥವಾ ಕಂತಿನ ಮೇಲೆ ದುಬಾರಿ ಕೋಲು ಕೊಳ್ಳುವುದನ್ನು ಶಿಫಾರಸು ಮಾಡುವುದಿಲ್ಲ.

ಹಣವನ್ನು ಮೊದಲು ಎಲ್ಲಿ ಹಾಕಬೇಕು?

ಕೊಕ್ಕೆ: ಮೊಂಡು ಕೊಕ್ಕೆಯಿಂದ ಮೀನು ತಪ್ಪುವಷ್ಟು ಅಗ್ಗದ ಕೋಲಿನಿಂದ ತಪ್ಪುವುದಿಲ್ಲ. ಕೊಕ್ಕೆಯ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲನೆ ಇರಿಸಿ ಎಳೆಯಿರಿ. ಜಾರಿದರೆ ಮೊಂಡಾಗಿದೆ, ಕಚ್ಚಿ ನಿಂತರೆ ಚೂಪಾಗಿದೆ. ಕೊಕ್ಕೆಯ ಸಂಖ್ಯೆ ಹೆಚ್ಚಾದಂತೆ ಗಾತ್ರ ಚಿಕ್ಕದಾಗುತ್ತದೆ ಎಂಬುದನ್ನು ನೆನಪಿಡಿರಿ. ಹಿಟ್ಟಿನ ಎರೆಯಿಂದ ಗೆಂಡೆ ಜಾತಿಯ ಮೀನು ಹಿಡಿಯಲು 8ರಿಂದ 4ನೇ ಸಂಖ್ಯೆಯವು ಹೊಂದುತ್ತವೆ.

ದಾರ: ಮೂರು ಕೆ.ಜಿ.ವರೆಗಿನ ಗೆಂಡೆ ಮೀನುಗಳಿಗೆ 0.28ರಿಂದ 0.35 ಮಿ.ಮೀ. ದಪ್ಪದ ನೈಲಾನ್ ದಾರ ಸಾಕು. ಗಂಟು ಹಾಕಿದಲ್ಲಿ ದಾರದ ಬಲ ಕುಗ್ಗುತ್ತದೆ. ಗಂಟನ್ನು ಬಿಗಿಯುವ ಮುನ್ನ ನೀರಿನಲ್ಲಿ ತೋಯಿಸಿರಿ. ಬಿಸಿಲಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಹೆಚ್ಚು ಬಳಸುವವರು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ರೀಲ್: ಮೀನು ಓಡಿದಾಗ ದಾರವನ್ನು ಬಿಗಿ ತಪ್ಪದೆ, ತಡೆತಡೆದು ನಿಲ್ಲದೆ ಬಿಟ್ಟುಕೊಡುವ ರೀಲ್ ಬೇಕು. ಅಂಗಡಿಯಲ್ಲೇ ದಾರ ಎಳೆದು ನೋಡಿರಿ. ಎಷ್ಟು ಬೇರಿಂಗುಗಳಿವೆ ಎಂಬ ಜಾಹೀರಾತಿಗಿಂತ ಈ ಪರೀಕ್ಷೆ ಮುಖ್ಯ.

ಎರೆ: ಜೋಳದ ಹಿಟ್ಟು, ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಕಲಸಿದ ಉಂಡೆ ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಿಗೆ ಒಪ್ಪುತ್ತದೆ. ಎರೆಹುಳು ಬಹುತೇಕ ಎಲ್ಲ ಕಾಲಕ್ಕೂ ನಡೆಯುತ್ತದೆ. ಮಾರ್ಗಶಿರ–ಪುಷ್ಯ ಮಾಸಗಳ ಚಳಿಯಲ್ಲಿ ನೀರು ತಣ್ಣಗಾಗಿ ಗೆಂಡೆಗಳು ಮೇವು ಕಡಿಮೆ ಮಾಡುತ್ತವೆ. ಆಗ ಯಾವ ಬೆಲೆಯ ಕೋಲಿನಿಂದಲೂ ಹೆಚ್ಚು ಮೀನು ಬಾರದು.

ಮಂಜುಗಡ್ಡೆ ಪೆಟ್ಟಿಗೆ: ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಹಿಡಿದ ಮೀನು ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಮೀನಿನ ತೂಕದಷ್ಟೇ ಪುಡಿ ಮಾಡಿದ ಮಂಜುಗಡ್ಡೆಯನ್ನು ಪದರ ಪದರವಾಗಿ ಹಾಕಿ ಇಟ್ಟರೆ ಸಂತೆಯಲ್ಲಿ ಒಳ್ಳೆಯ ಬೆಲೆ ದೊರೆಯುತ್ತದೆ. ಮಾರಾಟಕ್ಕೆ ಹಿಡಿಯುವವರು ದುಬಾರಿ ಕೋಲಿಗಿಂತ ಮೊದಲು ಇದನ್ನು ಕೊಳ್ಳಬೇಕು.

ಕೃಷಿ ಹೊಂಡದವರಿಗೆ ವಿಶೇಷ ಸೂಚನೆ

ರಾಜ್ಯದಲ್ಲಿ 2014ರಿಂದ ಕೃಷಿ ಭಾಗ್ಯ ಯೋಜನೆಯಡಿ ಕೃಷಿ ಹೊಂಡಗಳು ನಿರ್ಮಾಣಗೊಂಡಿವೆ. 21 × 21 ಮೀ. ಅಳತೆಯ ಹೊಂಡ ತುಂಬಿದಾಗ ಮೇಲ್ಮೈ 441 ಚ.ಮೀ. ಹೆಕ್ಟೇರಿಗೆ 5,000 ಮರಿಗಳ ಲೆಕ್ಕದಲ್ಲಿ ಅದಕ್ಕೆ ಸುಮಾರು 200 ಬಲಿತ ಮರಿಗಳು ಸಾಕು. ಅವುಗಳಲ್ಲಿ 120 ಉಳಿದು, ತಲಾ 700 ಗ್ರಾಂ ಬೆಳೆದವೆಂದು ಭಾವಿಸಿದರೆ ಒಟ್ಟು 84 ಕೆ.ಜಿ. ಆಗುತ್ತದೆ. ಗಂಟೆಗೆ ಐದು ಮೀನು ಸಿಕ್ಕರೂ ಗಾಳದಿಂದ ಎಲ್ಲವನ್ನೂ ಹಿಡಿಯಲು 24 ಗಂಟೆ ಬೇಕು. ಅದೂ ಸಾಧ್ಯವಾಗದು, ಏಕೆಂದರೆ ಕೆಲವು ಮೀನುಗಳು ಸಿಕ್ಕಿದ ಮೇಲೆ ಉಳಿದವು ಎರೆಗೆ ಅಂಜತೊಡಗುತ್ತವೆ. ಆದ್ದರಿಂದ ಹೊಂಡದ ಕಟಾವಿಗೆ ಗಾಳ ಸಾಧನವಲ್ಲ. ಬೇಸಿಗೆಯಲ್ಲಿ ಬೆಳೆಗೆ ನೀರು ಹಾಯಿಸುತ್ತ ಮಟ್ಟ ಇಳಿದಾಗ ಎಳೆಬಲೆ ಅಥವಾ ಬೀಸುಬಲೆಯಿಂದ ಒಮ್ಮೆಗೇ ಹಿಡಿದು ಮಾರುವುದು ಸರಿಯಾದ ಕ್ರಮ. ಒಂದು ಬಲೆಯನ್ನು ನಾಲ್ಕಾರು ರೈತರು ಸೇರಿ ಕೊಂಡರೆ ಖರ್ಚು ಹಂಚಿಹೋಗುತ್ತದೆ.

ಮೀನಿನ ಬೆಳವಣಿಗೆಯನ್ನು ತೂಗಿ ನೋಡಲು ಮತ್ತು ಮನೆಗೆ ಒಂದೆರಡು ಮೀನು ತರಲು ಗಾಳ ಉಪಯುಕ್ತ. ಆಗಲೂ ಈ ಎಚ್ಚರಿಕೆಗಳಿರಲಿ.

• ಪಾಲಿಥಿನ್ ಹಾಳೆ ಹಾಸಿದ ಹೊಂಡದಲ್ಲಿ ಎರೆಯನ್ನು ತಳಕ್ಕೆ ಬಿಡಬೇಡಿರಿ. ಕೊಕ್ಕೆ ತಗುಲಿ ಎಳೆದರೆ ಹಾಳೆ ತೂತಾಗಿ ನೀರು ಸೋರುತ್ತದೆ. ಬೆಂಡು ಕಟ್ಟಿ ಎರೆಯನ್ನು ನೀರಿನ ನಡುಮಟ್ಟದಲ್ಲಿ ನಿಲ್ಲಿಸಿರಿ.
• ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿರಿ. ತೂಗಿ ಮರಳಿ ಬಿಡುವ ಮೀನಿಗೆ ಗಾಯ ಕಡಿಮೆಯಾಗುತ್ತದೆ.
• ತುಂಡಾದ ದಾರ ಮತ್ತು ಕೊಕ್ಕೆಗಳನ್ನು ಬದುವಿನ ಮೇಲೆ ಬಿಡಬೇಡಿರಿ. ಮೇವಿನೊಡನೆ ಅವು ದನಕರುಗಳ ಹೊಟ್ಟೆ ಸೇರಿದರೆ ಪ್ರಾಣಕ್ಕೇ ಕುತ್ತು.

ದುಬಾರಿ ಕೋಲು ಯಾರಿಗೆ ತಕ್ಕದ್ದು?

ಗಾಳ ಹಾಕುವುದನ್ನೇ ನಿತ್ಯದ ಉದ್ಯೋಗ ಮಾಡಿಕೊಂಡವರು, ಕೃತಕ ಎರೆಯನ್ನು ದಿನಕ್ಕೆ ನೂರಾರು ಸಲ ಬೀಸಿ ಕೊರವ ಮೀನು ಹಿಡಿಯುವವರು ಮತ್ತು ತೋಳು-ಭುಜದ ನೋವಿರುವವರಿಗೆ ಹಗುರವಾದ ಕೋಲಿನಿಂದ ನಿಜವಾದ ಅನುಕೂಲವಿದೆ. ಕೊರವ ಮೀನು ಮರಿಗಳ ಗುಂಪನ್ನು ಕಾಯುತ್ತಿರುವಾಗ ಮಾತ್ರ ಅದನ್ನು ಹಿಡಿಯಬಾರದು. ಕಾವಲಿನ ಮೀನು ಹೋದರೆ ಮರಿಗಳ ಗುಂಪೇ ಇತರ ಮೀನುಗಳ ಪಾಲಾಗುತ್ತದೆ.

ಸ್ವಂತ ಕೆರೆ-ಹೊಂಡದಲ್ಲಿ ಶುಲ್ಕ ಪಡೆದು ಹವ್ಯಾಸಿಗಳಿಗೆ ಗಾಳ ಹಾಕಲು ಅವಕಾಶ ಕೊಡಬಯಸುವ ರೈತರು ಬಾಡಿಗೆಗೆ ಕೊಡಲು ಗಾಜಿನ ನಾರಿನ ಗಟ್ಟಿ ಕೋಲುಗಳನ್ನೇ ಇಟ್ಟುಕೊಳ್ಳಬೇಕು. ಅನೇಕರ ಕೈ ಬದಲಾಗುವ ಕೋಲಿಗೆ ಬಾಳಿಕೆಯೇ ಮುಖ್ಯ.

ಕೊಳ್ಳುವಾಗ ಪರೀಕ್ಷಿಸಬೇಕಾದ ಅಂಶಗಳು

1. ಕೋಲಿನ ತುಂಡುಗಳನ್ನು ಜೋಡಿಸಿ ಒಂದು ಕಣ್ಣಿನಿಂದ ನೋಡಿರಿ. ದಾರದ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು.
2. ಉಂಗುರಗಳ ಒಳಗೆ ಹತ್ತಿಯ ಎಳೆ ತೂರಿಸಿ ಎಳೆಯಿರಿ. ಹತ್ತಿ ಸಿಕ್ಕಿಕೊಂಡರೆ ಒಳಗೆ ಒರಟಿದೆ, ಅದು ದಾರವನ್ನೂ ಕೊಯ್ಯುತ್ತದೆ.
3. ಜೋಡಣೆಯ ಗಂಟು ಅಲುಗಾಡಬಾರದು.
4. ಎಷ್ಟು ಗ್ರಾಂ ಭಾರ ಬೀಸಬಹುದು, ಎಷ್ಟು ಬಲದ ದಾರ ಬಳಸಬಹುದು ಎಂಬ ನಮೂದು ಕೋಲಿನ ಮೇಲೆ ಇರಬೇಕು.
5. ಬದಲಿ ತುದಿ ದೊರೆಯುತ್ತದೆಯೇ ಎಂದು ಕೇಳಿರಿ. ರಸೀದಿ ಪಡೆಯಿರಿ.
6. ಆನ್‌ಲೈನಿನಲ್ಲಿ ತರಿಸಿದರೆ ಪೊಟ್ಟಣ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿರಿ. ಮುರಿದು ಬಂದಿದ್ದರೆ ಮರಳಿಸಲು ಆಧಾರವಾಗುತ್ತದೆ.

ಬಳಕೆ ಮತ್ತು ಸಂರಕ್ಷಣೆ

ಮೀನನ್ನು ಕೋಲಿನಿಂದಲೇ ನೀರಿನಾಚೆ ಎತ್ತಬಾರದು. ನೀರಿನೊಳಗೆ ಮೀನಿನ ತೂಕ ಅಷ್ಟಾಗಿ ಬೀಳುವುದಿಲ್ಲ. ಮೇಲೆತ್ತಿದೊಡನೆ ಪೂರ್ಣ ಭಾರ ತುದಿಗೆ ಬರುತ್ತದೆ. ದಡದ ಬಳಿ ಕೈಬಲೆಯಿಂದ ಎತ್ತಿರಿ. ಕೋಲನ್ನು ತೀರ ನೆಟ್ಟಗೆ ಹಿಡಿದು ಎಳೆದರೆ ತುದಿ ಮುರಿಯುತ್ತದೆ. ಕೊಕ್ಕೆ ಜಾಲಿ ಕೊಂಬೆಗೆ ಸಿಕ್ಕಿದಾಗ ಕೋಲಿನಿಂದ ಜಗ್ಗದೆ, ಕೈಗೆ ಬಟ್ಟೆ ಸುತ್ತಿ ದಾರವನ್ನೇ ಎಳೆಯಿರಿ. ಬಳಸಿದ ಮೇಲೆ ತೊಳೆದು, ಒರೆಸಿ, ನೆರಳಿನಲ್ಲಿ ಒಣಗಿಸಿ ನಿಲ್ಲಿಸಿಡಿರಿ.

ಪ್ರಾಣರಕ್ಷಣೆಯ ಎಚ್ಚರಿಕೆಗಳು

ಕಾರ್ಬನ್ ನಾರು ವಿದ್ಯುತ್ ವಾಹಕ. ಮೂರು ಮೀಟರಿನ ಕೋಲನ್ನು ಎತ್ತಿ ಬೀಸುವಾಗ ಹೊಲದ ಮೇಲಿನ ವಿದ್ಯುತ್ ತಂತಿಗೆ ತಾಗಿದರೆ, ಕೆಲವೊಮ್ಮೆ ತಾಗದೆ ತೀರ ಸಮೀಪಕ್ಕೆ ಹೋದರೂ, ಸಾವು ಸಂಭವಿಸಬಹುದು. ಒದ್ದೆಯಾದ ಬಿದಿರು ಮತ್ತು ಗಾಜಿನ ನಾರಿನ ಕೋಲುಗಳೂ ಸುರಕ್ಷಿತವಲ್ಲ. ತಂತಿಯ ಕೆಳಗೆ ಎಂದಿಗೂ ಗಾಳ ಬೀಸಬೇಡಿರಿ. ಕೋಲು ಜೋಡಿಸುವ ಮುನ್ನ ತಲೆಯೆತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿರಿ. ಜೋತುಬಿದ್ದ ತಂತಿಗಳಿದ್ದರೆ ಜೆಸ್ಕಾಂ ಕಚೇರಿಗೆ ತಿಳಿಸಿರಿ. ಗುಡುಗು ಕೇಳಿಸಿದೊಡನೆ ಕೋಲನ್ನು ನೆಲಕ್ಕಿಟ್ಟು ದಡ ಬಿಟ್ಟು ಹೊರಡಿರಿ. ಮರದ ಕೆಳಗೆ ನಿಲ್ಲಬೇಡಿರಿ.

ಹಾಳೆ ಹಾಸಿದ ಹೊಂಡದ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲವರೂ ಮೇಲೇರಲಾಗದೆ ಮುಳುಗುವ ಅಪಾಯವಿದೆ. ಹೊಂಡದ ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿರಿ. ಗಾಳಿ ತುಂಬಿದ ಟ್ಯೂಬ್ ಒಂದು ದಡದಲ್ಲಿರಲಿ. ಮಕ್ಕಳನ್ನು ಒಂಟಿಯಾಗಿ ಗಾಳ ಹಾಕಲು ಕಳಿಸಬೇಡಿರಿ.

ಅನುಮತಿ ಮತ್ತು ಕಾನೂನು

ಸ್ವಂತ ಹೊಂಡದ ಮೀನು ನಿಮ್ಮದು. ಕೆರೆ, ನದಿ, ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆ ಪಡೆದ ಮೀನುಗಾರರ ಸಹಕಾರ ಸಂಘಕ್ಕೋ ಪರವಾನಗಿ ಪಡೆದವರಿಗೋ ಸೇರಿರಬಹುದು. ಮರಿ ಬಿತ್ತಿ ಕಾಯ್ದ ಕುಟುಂಬಗಳ ಜೀವನ ಅದರ ಮೇಲಿದೆ. ಆದ್ದರಿಂದ ಗಾಳ ಹಾಕುವ ಮೊದಲು ಸಂಘ ಹಾಗೂ ಮೀನುಗಾರಿಕೆ ಇಲಾಖೆಯಿಂದ ಅನುಮತಿ ಪಡೆಯಿರಿ. ಒಳನಾಡು ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಅಧಿನಿಯಮ ಜಾರಿಯಲ್ಲಿದೆ. ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿದೆ. ಮಳೆಗಾಲದ ಆರಂಭದಲ್ಲಿ ಮೀನು ಮೊಟ್ಟೆಯಿಡುವ ಕಾಲಕ್ಕೆ ಇಲಾಖೆ ನಿಷೇಧ ಹೊರಡಿಸಿದ್ದರೆ ಅದನ್ನು ಪಾಲಿಸಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಸಲಹೆ ಕೇಳಿ ಬಂದ ರೈತರಿಗೆ ಯಾವುದೇ ಕೋಲಿನ ಹೆಸರು ಹೇಳುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ವರ್ಷಕ್ಕೆ ಎಷ್ಟು ದಿನ ಹಿಡಿಯುವಿರಿ? ಎಲ್ಲಿ ಹಿಡಿಯುವಿರಿ? ಯಾವ ಮೀನು? ಮನೆಗೋ ಮಾರಾಟಕ್ಕೋ? ಉತ್ತರ ದೊರೆತ ಮೇಲೆ ಮೇಲಿನ ಲೆಕ್ಕವನ್ನು ಅವರ ಎದುರಿನಲ್ಲೇ ಅವರ ಅಂಕಿಗಳಿಂದ ಮಾಡಿ ತೋರಿಸಿರಿ. ಮೊದಲ ವರ್ಷ ಬಿದಿರು ಅಥವಾ ಗಾಜಿನ ನಾರಿನ ಕೋಲಿನಿಂದ ಹಿಡಿದು, ಹಿಡಿದ ದಿನ ಮತ್ತು ತೂಕವನ್ನು ಪುಸ್ತಕದಲ್ಲಿ ಬರೆದಿಡಲು ಹೇಳಿರಿ. ದುಬಾರಿ ಕೋಲು ಬೇಕೋ ಬೇಡವೋ ಎಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ.

ಹೆಚ್ಚಿನ ಮಾಹಿತಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ, ಬೀದರಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ಬೀದರಿನ ನಂದಿನಗರದಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಸಂಪರ್ಕಿಸಬಹುದು.